ಚಿತ್ರ ಬಂದಿದೆ, ನೋಡಿದವರು ಯಾರು?



ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ "ತೋಟದ ಚಿತ್ರಗಳ ಸ್ವಯಂಚಾಲಿತ ಪರಿಶೀಲನೆಯನ್ನು ಮುಂದುವರಿಸುವ ಬಗ್ಗೆ" ಎಂಬ ವಿಷಯ ಸೇರಿದೆ. ಇದರಲ್ಲಿ ಆಡಳಿತ ಮಂಡಳಿಗೆ ಒಮ್ಮತವಿಲ್ಲ. ವ್ಯವಸ್ಥೆಯನ್ನು ಇನ್ನಷ್ಟು ವಿಸ್ತರಿಸಿ ಮಾಲಿನ ದರ್ಜೆ ನಿರ್ಣಯವನ್ನೂ ಅದಕ್ಕೇ ಒಪ್ಪಿಸೋಣ ಎಂದು ಕೆಲವರು ಹೇಳುತ್ತಾರೆ. ಆದದ್ದು ಸಾಕು, ಮುಚ್ಚಿಬಿಡೋಣ ಎಂದು ಇನ್ನು ಕೆಲವರು. ಇಲ್ಲಿ ಬರೆಯುತ್ತಿರುವುದು ಮಂಡಳಿಯ ಅಭಿಪ್ರಾಯವಲ್ಲ, ನನ್ನ ಸ್ವಂತದ್ದು. ಅದನ್ನು ಹೇಳುವ ಮೊದಲು ತಮ್ಮ ಮುಂದೆ ಒಂದು ತಪ್ಪೊಪ್ಪಿಗೆ ಬಾಕಿ ಇದೆ.

ಕಳೆದ ಮಳೆಗಾಲದಲ್ಲಿ, ಆಶ್ಲೇಷಾ ಮಳೆ ಬಿಡದೆ ಹಿಡಿದಿದ್ದ ದಿನಗಳಲ್ಲಿ, ಒಂದೂವರೆ ಎಕರೆ ಅಡಿಕೆ ತೋಟವಿರುವ ಸದಸ್ಯೆಯೊಬ್ಬರು ಮೈಲುತುತ್ತ ಕೊಳ್ಳಲು ಕಚೇರಿಗೆ ಬಂದರು. ಕೊಡೆ ಮಡಿಸಿ ಗೋಡೆಗೆ ಒರಗಿಸಿಟ್ಟು, "ಮೂರು ಫೋಟೋ ಕಳ್ಸಿದ್ದೆ ಸೆಕ್ರೆಟ್ರಿಗಳೇ, ಯಾರೂ ಬರ್ಲೇ ಇಲ್ಲವಲ್ಲ" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರ ಸದಸ್ಯತ್ವ ಸಂಖ್ಯೆ ಹಾಕಿ ಕಂಪ್ಯೂಟರಿನಲ್ಲಿ ನೋಡಿದೆ. ಮೂರು ಚಿತ್ರಗಳ ಎದುರಿಗೂ "ಸ್ವೀಕರಿಸಲಾಗಿದೆ" ಎಂಬ ಹಸಿರು ಗುರುತು ಇತ್ತು. ಮುಂದಿನ ಕ್ರಮ ಎಂಬ ಕಲಮು ಖಾಲಿ. ಹುಡುಕುತ್ತಾ ಹೋದಾಗ ಆ ಚಿತ್ರಗಳು "ಮಸುಕು" ಎಂಬ ಪ್ರತ್ಯೇಕ ಕಡತದಲ್ಲಿ ಸಿಕ್ಕವು. ಚಿತ್ರ ಸ್ಪಷ್ಟವಾಗಿಲ್ಲವೆಂದು ಯಂತ್ರವೇ ತೀರ್ಮಾನಿಸಿ ಪಕ್ಕಕ್ಕೆ ಇಟ್ಟಿತ್ತು. ಮತ್ತೊಮ್ಮೆ ಕಳುಹಿಸಿ ಎಂಬ ಸಂದೇಶವನ್ನೂ ತಪ್ಪದೆ ಕಳಿಸಿತ್ತು. ಸಂದೇಶ ಹೋದದ್ದು ನಮ್ಮ ಪುಸ್ತಕದಲ್ಲಿ ನಮೂದಾಗಿದ್ದ ಸಂಖ್ಯೆಗೆ, ಅಂದರೆ ಬೆಂಗಳೂರಿನಲ್ಲಿರುವ ಅವರ ಮಗನ ಸಂಖ್ಯೆಗೆ. ಅವನು ಅದನ್ನು ಯಾವುದೋ ಜಾಹೀರಾತು ಎಂದುಕೊಂಡು ಸುಮ್ಮನಾಗಿದ್ದ.

ಹೀಗೆ ಹನ್ನೊಂದು ದಿನ ಕಳೆದಿತ್ತು. ಬಿಡದ ಮಳೆಯಲ್ಲಿ ಕೊಳೆರೋಗವು ಹನ್ನೊಂದು ದಿನದಲ್ಲಿ ಏನು ಮಾಡುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಅದೇ ಸಂಜೆ ತೋಟಕ್ಕೆ ಹೋದೆ. ಮರದ ಬುಡಗಳಲ್ಲಿ ಹಸಿ ಕಾಯಿ ಹಾಸಿಕೊಂಡಿತ್ತು. ಆ ಮಸುಕು ಚಿತ್ರವನ್ನೇ ಯಾವ ಕೊನೆಗಾರನ ಕೈಗೆ ಕೊಟ್ಟಿದ್ದರೂ ಅವನು ಒಂದೇ ನೋಟಕ್ಕೆ ಹೇಳುತ್ತಿದ್ದ.

ಮರುದಿನ ಆ ಕಡತವನ್ನು ಪೂರ್ತಿ ತೆರೆದು ಕುಳಿತೆ. ಅದರಲ್ಲಿದ್ದ ಚಿತ್ರಗಳು ಹೆಚ್ಚಾಗಿ ಎರಡು ಎಕರೆಗಿಂತ ಕಡಿಮೆ ಹಿಡುವಳಿಯವರವು. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಹಳೆಯ ಫೋನು, ಮಳೆಗಾಲದ ಮಧ್ಯಾಹ್ನವೂ ಮುಸ್ಸಂಜೆಯಂತಿರುವ ಅಡಿಕೆ ತೋಟದ ಬೆಳಕು, ಒದ್ದೆ ಕೈ. ಯಂತ್ರಕ್ಕೆ ಬಡವ, ಬಲ್ಲಿದ ಎಂಬ ಭೇದವಿಲ್ಲವೆಂದು ನಾನೇ ಹಿಂದಿನ ಸಂಚಿಕೆಯೊಂದರಲ್ಲಿ ಬರೆದಿದ್ದೆ. ಯಂತ್ರಕ್ಕೆ ಇಲ್ಲ, ನಿಜ. ಆದರೆ ಫೋನಿಗೆ ಇದೆ ಎಂಬುದು ನನಗೆ ಹೊಳೆದಿರಲಿಲ್ಲ.

ತಪ್ಪು ಯಾರದು? ವ್ಯವಸ್ಥೆಯನ್ನು ಕಟ್ಟಿಕೊಟ್ಟವಳು ನಮ್ಮ ಸದಸ್ಯರೊಬ್ಬರ ಮಗಳು. ಬೆಂಗಳೂರಿನಲ್ಲಿ ಇಂಜಿನಿಯರ್. ರಜೆಯಲ್ಲಿ ಬಂದಾಗ ಒಂದು ಕಾಸೂ ತೆಗೆದುಕೊಳ್ಳದೆ ಮಾಡಿಕೊಟ್ಟಳು. ಕೆಲಸ ಮುಗಿಸಿದ ದಿನ ಅವಳು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಅಂಕಲ್, ಈ ಮಸುಕು ಕಡತವನ್ನ ದಿನಾ ಯಾರು ನೋಡ್ತಾರೆ?" ನಾನು "ನೋಡೋಣಮ್ಮ" ಎಂದೆ. ನಮ್ಮ ಕಚೇರಿಗಳಲ್ಲಿ ನೋಡೋಣ ಎಂದರೆ ನೋಡುವುದಿಲ್ಲವೆಂದೇ ಅರ್ಥ. ತಪ್ಪು ನನ್ನದು.

ಈ ವ್ಯವಸ್ಥೆ ಏನು?

ಹಲವು ಸದಸ್ಯರು ಇದು ಏನೆಂದು ಸರಿಯಾಗಿ ತಿಳಿಯದೆಯೇ ಪರ ಅಥವಾ ವಿರೋಧ ಮಾತಾಡುತ್ತಿದ್ದಾರೆ. ನನಗೆ ತಿಳಿದಷ್ಟನ್ನು ನಮ್ಮ ಕೆಲಸದ ಭಾಷೆಯಲ್ಲಿ ಹೇಳುತ್ತೇನೆ.

ಪಲ್ಪರ್ ಮನೆಯನ್ನು ನೆನೆಯಿರಿ. ಹಣ್ಣು ಬಂತೆಂದರೆ ತೂಕ ಆಗುತ್ತದೆ. ತೂಕವಾದದ್ದು ಪಲ್ಪರಿಗೆ ಹೋಗುತ್ತದೆ, ಸಿಪ್ಪೆ ಕಳೆದದ್ದು ತೊಟ್ಟಿಗೆ, ತೊಳೆದದ್ದು ಕಣಕ್ಕೆ. ಪ್ರತಿ ಹಂತವೂ ಹಿಂದಿನ ಹಂತದ ಮಾಲು ಬಂದಾಗ ಮಾತ್ರ ಎದ್ದು ಕೆಲಸ ಮಾಡುತ್ತದೆ. ಚಿತ್ರದ ವ್ಯವಸ್ಥೆಯೂ ಹೀಗೆಯೇ. ಸದಸ್ಯರು ಕಳಿಸಿದ ಚಿತ್ರ ಒಂದು ಕಣಜಕ್ಕೆ ಬಂದು ಬೀಳುತ್ತದೆ. ಇಂಜಿನಿಯರುಗಳು ಅದನ್ನು ಬಕೆಟ್ ಎನ್ನುತ್ತಾರೆ. ಚಿತ್ರ ಬಿದ್ದದ್ದೇ ಒಂದು ಘಟನೆ, ಒಂದು ಕರೆಗಂಟೆ. ಗಂಟೆ ಬಾರಿಸಿದೊಡನೆ ಒಂದು ಚಿಕ್ಕ ಕಾರ್ಯಕ್ರಮ ಎದ್ದು ಚಿತ್ರದ ಗಾತ್ರ ಇಳಿಸುತ್ತದೆ, ತೆಗೆದ ದಿನಾಂಕ ಮತ್ತು ಸ್ಥಳ ಓದುತ್ತದೆ, ಸ್ಪಷ್ಟವಿದೆಯೇ ಎಂದು ಅಳೆಯುತ್ತದೆ. ಇನ್ನೊಂದು ಕಾರ್ಯಕ್ರಮ ಇದು ಕೊಳೆಯೋ, ಎಲೆಚುಕ್ಕಿಯೋ, ಕಾಫಿಯ ಎಲೆತುಕ್ಕೋ ಎಂದು ಊಹೆ ಮಾಡುತ್ತದೆ. ಮತ್ತೊಂದು ಪುಸ್ತಕದಲ್ಲಿ ಬರೆದು ಸಂದೇಶ ಕಳಿಸುತ್ತದೆ. ಕೆಲಸ ಮುಗಿದೊಡನೆ ಎಲ್ಲವೂ ಮಲಗುತ್ತವೆ.

ಇದನ್ನು ಸರ್ವರ್‌ಲೆಸ್ ಎನ್ನುತ್ತಾರೆ. ಹಾಗೆಂದರೆ ಸರ್ವರ್ ಎಂಬ ಯಂತ್ರವೇ ಇಲ್ಲವೆಂದಲ್ಲ. ಯಂತ್ರ ನಮ್ಮ ಕೊಟ್ಟಿಗೆಯಲ್ಲಿಲ್ಲ, ಅದರ ಚಾಕರಿ ನಮ್ಮ ಪಾಲಿಗಿಲ್ಲ ಎಂದು ಅರ್ಥ. ಅಡಿಕೆ ಸುಲಿಯುವ ಯಂತ್ರವನ್ನು ಬಾಡಿಗೆಗೆ ಕರೆಸಿದಂತೆ. ಸುಲಿದಷ್ಟಕ್ಕೆ ಹಣ, ಉಳಿದ ದಿನಗಳ ಚಿಂತೆ ಯಂತ್ರದವನದು. ಅಮೆಜಾನ್ ಕಂಪನಿಯು ಲ್ಯಾಂಬ್ಡಾ ಎಂಬ ಇಂಥ ಸೇವೆಯನ್ನು 2014ರ ನವೆಂಬರಿನಲ್ಲಿ ಪ್ರಕಟಿಸಿತು. ಗೂಗಲ್, ಮೈಕ್ರೋಸಾಫ್ಟ್ ಕಂಪನಿಗಳೂ ಹಿಂದೆಯೇ ಬಂದವು. ದೊಡ್ಡ ಚಿತ್ರ ಬಂದೊಡನೆ ಅದರ ಕಿರುಚಿತ್ರ ತಯಾರಿಸುವುದೇ ಈ ವಿದ್ಯೆಯನ್ನು ಕಲಿಸುವ ಮೊದಲ ಪಾಠಗಳಲ್ಲಿ ಒಂದು. ನಮ್ಮ ಸಂಘ ಮಾಡುತ್ತಿರುವುದೂ ಆ ಪಾಠದ ಮುಂದುವರಿಕೆಯೇ ಹೊರತು ಭಾರೀ ಸಾಹಸವೇನಲ್ಲ.

ಖರ್ಚಿನ ಮಾತಿಗೆ ಬರೋಣ. 900 ಸದಸ್ಯರು ತಿಂಗಳಿಗೆ ತಲಾ 4 ಚಿತ್ರ ಕಳಿಸಿದರೆಂದು ಇಟ್ಟುಕೊಳ್ಳಿ. ಒಟ್ಟು 3,600 ಚಿತ್ರ. ಒಂದೊಂದಕ್ಕೆ 1 ಜಿಬಿ ಸ್ಮರಣೆಯ ಯಂತ್ರ 3 ಸೆಕೆಂಡು ದುಡಿದರೆ 10,800 ಜಿಬಿ-ಸೆಕೆಂಡ್ ಆಯಿತು. ಲ್ಯಾಂಬ್ಡಾದಲ್ಲಿ ತಿಂಗಳಿಗೆ 4 ಲಕ್ಷ ಜಿಬಿ-ಸೆಕೆಂಡ್ ತನಕ ಉಚಿತ. ಉಚಿತವೇ ಇಲ್ಲವೆಂದುಕೊಂಡರೂ ಇಷ್ಟು ದುಡಿಮೆಗೆ 20 ರೂಪಾಯಿ ದಾಟುವುದಿಲ್ಲ. ಚಿತ್ರ ಇಡುವ ಜಾಗದ ಬಾಡಿಗೆ, ಸಂದೇಶದ ಖರ್ಚು, ರೋಗ ಊಹಿಸುವ ಲೆಕ್ಕದ ಖರ್ಚು ಬೇರೆ. ಅವೆಲ್ಲ ಸೇರಿದರೂ ಒಬ್ಬ ಕ್ಷೇತ್ರ ಸಹಾಯಕನ ಪೆಟ್ರೋಲ್ ಭತ್ಯೆಗೆ ಸಮನಾಗದು.

ಅಪಾಯ ಇರುವುದೇ ಇಲ್ಲಿ. ಯಂತ್ರಕ್ಕೆ 20 ರೂಪಾಯಿ, ಮನುಷ್ಯನಿಗೆ ಸಾವಿರಾರು ರೂಪಾಯಿ ಎಂಬ ಲೆಕ್ಕ ಒಮ್ಮೆ ಕಣ್ಣಿಗೆ ಬಿದ್ದರೆ, ಮನುಷ್ಯ ಏಕೆ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ನನ್ನ ತಲೆಯಲ್ಲೂ ಬಂದಿತ್ತು. ಕ್ಷೇತ್ರ ಸಹಾಯಕರ ಖಾಲಿ ಹುದ್ದೆಯನ್ನು ಎರಡು ವರ್ಷ ತುಂಬದೆ ಬಿಟ್ಟದ್ದು ಆ ಲೆಕ್ಕದಿಂದಲೇ.

ಸಗರ ನಾಡಿನಲ್ಲಿ ಕೇಳಿದ ಮಾತು

ನಾನು ಬಿಸಿಲು ನಾಡಿನವನೆಂದು ತಾವೆಲ್ಲ ಹಾಸ್ಯ ಮಾಡುವುದುಂಟು. ನಿಜ. ಹುಟ್ಟಿದ್ದು ಶಹಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ. ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ, ಕೆಲಸ ಹುಡುಕಿಕೊಂಡು ಈ ಘಟ್ಟದ ಕಡೆ ಬಂದವನು ಇಲ್ಲಿಯವನೇ ಆಗಿಬಿಟ್ಟೆ. ನನ್ನ ಅಕ್ಕ ಈಗಲೂ ಸುರಪುರ ತಾಲ್ಲೂಕಿನಲ್ಲಿದ್ದಾಳೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಒಂದಿಷ್ಟು ಭತ್ತ, ಮಳೆಯಾಶ್ರಯದಲ್ಲಿ ತೊಗರಿ, ಹತ್ತಿ. ತಿಂಥಣಿ ಮೌನೇಶ್ವರ ಜಾತ್ರೆಗೆಂದು ಈ ಸಲ ಹೋದವನು ನಾಲ್ಕು ದಿನ ಅವಳ ಮನೆಯಲ್ಲಿದ್ದೆ. ಕೊಳೆರೋಗದ ಆ ಪ್ರಸಂಗ ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದ ಅವಳಿಗೆ ಹೇಳಿದೆ. ಅವಳು ಕೇಳಿ, "ನಮ್ಮ ಕಡಿ ಸೀರಿ ಫೋಟೋದ್ದು ಗೊತ್ತದಿಲ್ಲೋ ತಮ್ಮಾ ನಿನಗ?" ಎಂದಳು.

ಪತ್ರಿಕೆಗಳಲ್ಲಿ ಬಂದ ವಿಷಯವೇ ಅದು, ತಮ್ಮಲ್ಲಿ ಕೆಲವರು ಓದಿರಬಹುದು. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಲ್ಲಿ ಕೂಲಿಕಾರರ ಹಾಜರಿಯನ್ನು ಕೆಲಸದ ಸ್ಥಳದಲ್ಲೇ ಫೋನಿನಿಂದ ಚಿತ್ರ ತೆಗೆದು ದಾಖಲಿಸಬೇಕೆಂಬ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2021ರ ಮೇ ತಿಂಗಳಲ್ಲಿ ಆರಂಭಿಸಿತು. ಎನ್.ಎಂ.ಎಂ.ಎಸ್. ಎಂದು ಅದರ ಹೆಸರು. ದಿನಕ್ಕೆ ಎರಡು ಸಲ, ಸಮಯ ಮತ್ತು ಸ್ಥಳದ ಗುರುತಿನೊಡನೆ ಚಿತ್ರ ಹೋಗಬೇಕಿತ್ತು. 2023ರ ಜನವರಿ 1ರಿಂದ ಅದು ಕಡ್ಡಾಯವಾಯಿತು. ಸುಳ್ಳು ಹಾಜರಿ ನಿಲ್ಲಿಸಬೇಕೆಂಬುದೇ ಉದ್ದೇಶ. ಉದ್ದೇಶ ಒಳ್ಳೆಯದೇ.

2025ರಲ್ಲಿ ಯಾದಗಿರಿ ಜಿಲ್ಲೆಯ ಮಲ್ಹಾರ ಗ್ರಾಮದ ಒಂದು ನಾಲಾ ಕಾಮಗಾರಿಯ ಚಿತ್ರ ರಾಜ್ಯದ ಹೊರಗೂ ಸುದ್ದಿಯಾಯಿತು. ಹೆಣ್ಣು ಕೂಲಿಕಾರರ ಹೆಸರಿನ ಹಾಜರಿಗೆ ಗಂಡಸರು ಸೀರೆ ಉಟ್ಟು ನಿಂತು ಚಿತ್ರ ತೆಗೆಸಿಕೊಂಡಿದ್ದರು. ಚಿತ್ರ ಹೋಯಿತು, ದಾಖಲಾಯಿತು. ಸಮಯ ಮತ್ತು ಸ್ಥಳದ ಗುರುತು ಇದ್ದರೂ ಮೋಸ ಅಲ್ಲೇ ನಿಲ್ಲಲಿಲ್ಲ. ಅದು ಬಯಲಿಗೆ ಬಂದ ಮೇಲೆ ವಿಚಾರಣೆಯಾಗಿ ಹೊರಗುತ್ತಿಗೆ ನೌಕರನೊಬ್ಬನ ಮೇಲೆ ಕ್ರಮವಾಯಿತೆಂದು ವರದಿಯಾಯಿತು. ನಾನು ಇದನ್ನು ಆ ಊರನ್ನು ಹೀಯಾಳಿಸಲು ಬರೆಯುತ್ತಿಲ್ಲ. ಇದು ಆ ಒಂದೇ ಊರಿನ ಕಥೆಯೂ ಅಲ್ಲ. ಅದೇ ವರ್ಷ ಜುಲೈಯಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರ ಹಾಕುವುದು, ಹಳೆಯ ಚಿತ್ರದ ಮೇಲೆ ಮತ್ತೆ ಚಿತ್ರ ತೆಗೆಯುವುದು, ಪಟ್ಟಿಯಲ್ಲಿರುವ ಗಂಡು ಹೆಣ್ಣಿನ ಲೆಕ್ಕಕ್ಕೂ ಚಿತ್ರದಲ್ಲಿರುವವರಿಗೂ ತಾಳೆಯಾಗದಿರುವುದು ಮೊದಲಾದ ದುರ್ಬಳಕೆಗಳನ್ನು ಪಟ್ಟಿ ಮಾಡಿತು. ಗ್ರಾಮ ಪಂಚಾಯತಿ ಮಟ್ಟದಲ್ಲಿ ಎಲ್ಲ ಚಿತ್ರಗಳನ್ನೂ ಪರಿಶೀಲಿಸಬೇಕೆಂದು ಹೇಳಿತು. ಅಂದರೆ ಇಷ್ಟೆಲ್ಲ ಆದ ಮೇಲೆ ಪರಿಹಾರವೆಂದು ಕಂಡದ್ದು ಮನುಷ್ಯ ಕುಳಿತು ಕಣ್ಣಿನಿಂದ ನೋಡುವುದು.

ಅಕ್ಕ ಓದಿದವಳಲ್ಲ. ರೊಟ್ಟಿ ತಟ್ಟುತ್ತಾ ಹೇಳಿದಳು. "ಮಿಷಿನ್ನಿಗಿ ಕಣ್ಣ ಎಲ್ಲ್ಯಾದೋ ತಮ್ಮಾ? ಫೋಟೋ ಬಂತಂದ್ರ ಮುಗೀತು ಅಂತದ ಅದು. ನೋಡೋರು ಒಬ್ಬರರೆ ಇದ್ದಿದ್ರ ಸೀರಿ ಉಟ್ಟಂವ ಗಂಡಸು ಅಂತ ಗೊತ್ತಾಗ್ತಿರ್ಲಿಲ್ಲೇನು? ದಗದ ಬೇಕಾದ ಹೆಣ್ಣಮಕ್ಕಳ ಕೂಲಿ ಹೋತು ನೋಡು ಅದರಾಗ."

ಆ ವ್ಯವಸ್ಥೆಯ ಒಳಗಿನ ಯಂತ್ರವೂ ನಮ್ಮದರಂಥದೇ ಎಂದು ನಾನು ಹೇಳುತ್ತಿಲ್ಲ. ಆದರೆ ರೊಟ್ಟಿ ತಿನ್ನುತ್ತಾ ಕುಳಿತವನಿಗೆ ಒಂದು ವಿಷಯ ಹೊಳೆಯಿತು. ಅಲ್ಲಿ ಸುಳ್ಳು ಚಿತ್ರ ಸ್ವೀಕೃತವಾಯಿತು. ನಮ್ಮಲ್ಲಿ ನಿಜವಾದ ಚಿತ್ರ ತಿರಸ್ಕೃತವಾಯಿತು. ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧವಾದ ತಪ್ಪುಗಳು. ಬೇರು ಮಾತ್ರ ಒಂದೇ. ಎರಡು ಕಡೆಯೂ ಚಿತ್ರ ಬಂದದ್ದನ್ನೇ ನೋಡಿದ್ದೆಂದು ತಿಳಿದುಕೊಂಡೆವು. ಎರಡು ಕಡೆಯೂ ನಷ್ಟ ಬಿದ್ದದ್ದು, ಕಚೇರಿಗೆ ಬಂದು ಜೋರಾಗಿ ಮಾತಾಡಲಾರದವರ ಮೇಲೆ.

ಮುಚ್ಚಬೇಕೆನ್ನುವವರಿಗೆ

ಹಾಗಾದರೆ ಮುಚ್ಚಿಬಿಡಬಹುದಲ್ಲ ಎಂದರೆ ನಾನು ಒಪ್ಪುವುದಿಲ್ಲ. ಹಳೆಯ ಪದ್ಧತಿ ಹೇಗಿತ್ತೆಂಬುದನ್ನು ನಾವು ಇಷ್ಟು ಬೇಗ ಮರೆಯಬಾರದು. ಮೂರು ಹೋಬಳಿಗೆ ಒಬ್ಬ ಕ್ಷೇತ್ರ ಸಹಾಯಕ. ಅರ್ಜಿ ಕೊಟ್ಟು ಮೂರು ವಾರ ಕಾಯಬೇಕಿತ್ತು. ಅವನು ಮೊದಲು ಹೋಗುತ್ತಿದ್ದುದು ಯಾರ ತೋಟಕ್ಕೆ? ನಿರ್ದೇಶಕರ ತೋಟಕ್ಕೆ, ಅವರ ನೆಂಟರ ತೋಟಕ್ಕೆ, ಊಟ ಹಾಕುವವರ ಮನೆಗೆ. ಒಂದೂವರೆ ಎಕರೆಯವರ ಸರದಿ ಮಳೆ ನಿಂತ ಮೇಲೆ ಬರುತ್ತಿತ್ತು. ಈಗ ರಾತ್ರಿ ಹತ್ತು ಗಂಟೆಗೆ ಚಿತ್ರ ಕಳಿಸಿದರೂ ಪುಸ್ತಕದಲ್ಲಿ ಸರದಿಯಂತೆ ದಾಖಲಾಗುತ್ತದೆ. ಯಾರದು ಮೊದಲು ಬಂತೆಂಬುದನ್ನು ಯಾರೂ ತಿದ್ದಲಾರರು. ಇದು ಸಣ್ಣ ಲಾಭವಲ್ಲ. ನಮ್ಮ ಸೋಮಾರಿತನಕ್ಕೆ ಯಂತ್ರವನ್ನು ಶಿಕ್ಷಿಸುವುದರಲ್ಲಿ ಅರ್ಥವಿಲ್ಲ.

ಸರಿಯಾಗಿ ಮಾಡಿದರೆ ಹೇಗಿರುತ್ತದೆ ಎಂಬುದಕ್ಕೂ ಒಂದು ದಾರಿ ಕಣ್ಣ ಮುಂದೆಯೇ ಇದೆ. ನಮ್ಮ ರಾಜ್ಯದ ಬೆಳೆ ಸಮೀಕ್ಷೆಯನ್ನು ತಾವೆಲ್ಲ ಬಲ್ಲಿರಿ. ರೈತರೇ ತಮ್ಮ ಹೊಲದ ಬೆಳೆಯ ಚಿತ್ರ ತೆಗೆದು ಕಳಿಸುವ ಆಪ್ 2020ರಲ್ಲಿ ಬಂತು. ಅದರ ಮಾಹಿತಿಯೇ ಪಹಣಿಯ ಬೆಳೆ ಕಲಮಿಗೆ ಆಧಾರ. ಅದರಲ್ಲಿಯೂ ತಪ್ಪುಗಳಾಗುತ್ತವೆ. ಆದರೆ ಅದರ ಜೊತೆಗೆ ಬೆಳೆ ದರ್ಶಕ್ ಎಂಬ ಇನ್ನೊಂದು ಆಪ್ ಇದೆ. ತನ್ನ ಸರ್ವೆ ನಂಬರಿಗೆ ಯಾವ ಬೆಳೆ ಬರೆದಿದ್ದಾರೆ, ಯಾವ ಚಿತ್ರ ಹಾಕಿದ್ದಾರೆ ಎಂದು ರೈತನೇ ತೆರೆದು ನೋಡಿ, ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬಹುದು. ಅಕ್ಕನ ಮೊಮ್ಮಗ ನನ್ನ ಎದುರಿಗೇ ಅವರ ತೊಗರಿ ಹೊಲದ ಚಿತ್ರವನ್ನು ತೆಗೆದು ತೋರಿಸಿದ. ಚಿತ್ರ ಕಳಿಸಿದವನಿಗೂ ಅದನ್ನು ಮತ್ತೆ ನೋಡುವ ಹಕ್ಕಿದೆ ಎಂಬ ಈ ಒಂದು ಅಂಶವನ್ನು ನಮ್ಮ ಸಂಘ ಕಲಿಯಬೇಕು. ನಮ್ಮ ಸದಸ್ಯೆಗೆ ತನ್ನ ಚಿತ್ರ ಮಸುಕು ಕಡತದಲ್ಲಿ ಬಿದ್ದಿದೆಯೆಂದು ತಿಳಿಯುವ ದಾರಿಯೇ ಇರಲಿಲ್ಲ.

ವಿಸ್ತರಿಸಬೇಕೆನ್ನುವವರಿಗೆ

ಮಾಲಿನ ದರ್ಜೆಯನ್ನೂ ಚಿತ್ರ ನೋಡಿ ಯಂತ್ರವೇ ತೀರ್ಮಾನಿಸಲಿ ಎನ್ನುವವರಿಗೆ ನನ್ನ ಉತ್ತರ ಸ್ಪಷ್ಟ. ವಿಂಗಡಿಸಲು ಸಹಾಯ ಮಾಡಲಿ, ಬೆಲೆ ಕಡಿಯುವ ಅಧಿಕಾರ ಬೇಡ. ರಾಶಿ ಅಡಿಕೆಯ ಬಣ್ಣ ಟ್ಯೂಬ್‌ಲೈಟಿನಡಿ ಒಂದು, ಬಿಸಿಲಿನಲ್ಲಿ ಇನ್ನೊಂದು. ಕಾಫಿಯ ವಾಸನೆ ಚಿತ್ರದಲ್ಲಿ ಬರುವುದಿಲ್ಲ. ದರ್ಜೆ ಕಟ್ಟುವವನ ತೀರ್ಪು ತಪ್ಪೆನಿಸಿದರೆ ಸದಸ್ಯರು ಅಲ್ಲೇ ನಿಂತು ಜಗಳವಾಡಬಹುದು, ಇನ್ನೊಂದು ಮೂಟೆ ಬಿಚ್ಚಿಸಿ ತೋರಿಸಬಹುದು. ಮಲಗಿರುವ ಯಂತ್ರದ ಜೊತೆ ಜಗಳವಾಡುವುದು ಹೇಗೆ?

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದಾಗ ಅದರ ಬಂಡವಾಳ ಹಣವಷ್ಟೇ ಆಗಿರಲಿಲ್ಲ. ಸದಸ್ಯರು ಒಬ್ಬರನ್ನೊಬ್ಬರು ಬಲ್ಲರೆಂಬುದೇ ದೊಡ್ಡ ಆಸ್ತಿ. ಯಾರ ಹೊಲ ಹೇಗಿದೆ, ಯಾರಿಗೆ ಏನು ಕಷ್ಟ ಎಂಬುದು ಪುಸ್ತಕ ತೆರೆಯದೆ ತಿಳಿದಿರುತ್ತಿತ್ತು. ಸಂಘ ಬೆಳೆದಂತೆ ಆ ಬಲ್ಲವಿಕೆ ಕರಗುತ್ತದೆ, ಅದು ಅನಿವಾರ್ಯ. ಚಿತ್ರಗಳು ಅದನ್ನು ಸ್ವಲ್ಪ ಮಟ್ಟಿಗೆ ಮರಳಿ ತರಬಲ್ಲವು. ನೋಡುವವರಿದ್ದರೆ ಮಾತ್ರ.

ಒಳಗಿನ ಕೆಲವು ಎಚ್ಚರಿಕೆಗಳು

ಇಂಜಿನಿಯರ್ ಮಗಳು ತಿಳಿಸಿದ ಕೆಲವು ತಾಂತ್ರಿಕ ವಿಷಯಗಳನ್ನೂ ಇಲ್ಲಿ ದಾಖಲಿಸುತ್ತೇನೆ. ಬೇರೆ ಸಂಘಗಳು ಇದೇ ಹಾದಿ ಹಿಡಿಯುವುದಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲನೆಯದು, ಬಂದ ಚಿತ್ರದ ಕಣಜ ಬೇರೆ, ಸಿದ್ಧವಾದ ಚಿತ್ರದ ಕಣಜ ಬೇರೆ ಇರಬೇಕು. ಒಂದೇ ಆದರೆ, ಯಂತ್ರ ತಾನು ಮಾಡಿದ ಕಿರುಚಿತ್ರವನ್ನೇ ಹೊಸದಾಗಿ ಬಂದ ಚಿತ್ರವೆಂದು ತಿಳಿದು ಮತ್ತೆ ಕಿರುಚಿತ್ರ ಮಾಡುತ್ತದೆ, ಅದರಿಂದ ಮತ್ತೊಂದು. ಗಾಣದೆತ್ತು ಸುತ್ತುತ್ತಲೇ ಇರುತ್ತದೆ, ಬಿಲ್ಲು ಏರುತ್ತಲೇ ಇರುತ್ತದೆ. ಆದ್ದರಿಂದ ಖರ್ಚು ಇಷ್ಟು ದಾಟಿದರೆ ಕಾರ್ಯದರ್ಶಿಗೆ ಎಚ್ಚರಿಕೆ ಬರಬೇಕೆಂಬ ಏರ್ಪಾಡು ಅಗತ್ಯ.

ಎರಡನೆಯದು, ಕರೆಗಂಟೆ ಒಂದೇ ಚಿತ್ರಕ್ಕೆ ಎರಡು ಸಲ ಬಾರಿಸಬಹುದು. ಕಡೇಪಕ್ಷ ಒಂದು ಸಲವಾದರೂ ತಿಳಿಸುತ್ತೇವೆಂದು ಕಂಪನಿಗಳು ಹೇಳುತ್ತವೆಯೇ ಹೊರತು ಒಂದೇ ಸಲವೆಂದು ಹೇಳುವುದಿಲ್ಲ. ಪ್ರತಿ ಚಿತ್ರಕ್ಕೂ ಪ್ರತ್ಯೇಕ ಸಂಖ್ಯೆ ಕೊಟ್ಟು, ಬರೆಯುವ ಮೊದಲು ಪುಸ್ತಕದಲ್ಲಿ ಅದು ಈಗಾಗಲೇ ಇದೆಯೇ ಎಂದು ನೋಡದಿದ್ದರೆ ಒಂದೇ ತೋಟಕ್ಕೆ ಎರಡು ಪರಿಹಾರ ಬರೆದುಹೋದೀತು. ಒಂದೇ ಮೂಟೆಗೆ ಎರಡು ರಸೀದಿ ಹರಿದಂತೆ.

ಮೂರನೆಯದು, ಮತ್ತು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು. ಕೆಲಸ ಕೆಟ್ಟರೆ ಲ್ಯಾಂಬ್ಡಾ ಸಾಮಾನ್ಯವಾಗಿ ಇನ್ನೆರಡು ಸಲ ಪ್ರಯತ್ನಿಸಿ ಆಮೇಲೆ ಕೈಬಿಡುತ್ತದೆ. ಕೈಬಿಟ್ಟದ್ದು ಎಲ್ಲಿಯಾದರೂ ಸಂಗ್ರಹವಾಗಬೇಕಾದರೆ ನಾವೇ ಮೊದಲು ಒಂದು ಪೆಟ್ಟಿಗೆ ಇಟ್ಟಿರಬೇಕು. ಹಾಗೆ ಪೆಟ್ಟಿಗೆ ಇಟ್ಟವರು ಅದರ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನೂ ಬರೆದಿಡಬೇಕು.

ನಾಲ್ಕನೆಯದ್ದು ಗೌಪ್ಯತೆ. ಫೋನಿನ ಚಿತ್ರದೊಳಗೆ ತೋಟ ಎಲ್ಲಿದೆಯೆಂಬ ಗುರುತು ಅಡಗಿರುತ್ತದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿದೆ. ಕಾಯಿದೆ ಇರಲಿ ಬಿಡಲಿ, ಯಾರ ತೋಟದಲ್ಲಿ ರೋಗವಿದೆ, ಯಾರ ಫಸಲು ಈ ವರ್ಷ ಎಷ್ಟು ಎಂಬುದು ವ್ಯಾಪಾರಿಯ ಕಿವಿಗೆ ಬೀಳಬಾರದೆಂಬ ವಿವೇಕ ನಮಗೆ ಇರಬೇಕು.

ನನ್ನ ಸೂಚನೆಗಳು

ಮಹಾಸಭೆಯ ಮುಂದೆ ಈ ಕೆಳಗಿನ ಸೂಚನೆಗಳನ್ನು ಇಡಲು ಬಯಸುತ್ತೇನೆ.

1. ಮಸುಕು, ಅಸ್ಪಷ್ಟ, ತಿರಸ್ಕೃತ ಎಂದು ಯಂತ್ರ ಪಕ್ಕಕ್ಕಿಟ್ಟ ಯಾವ ಚಿತ್ರವನ್ನೂ ಮನುಷ್ಯ ನೋಡದೆ ಕಡತಕ್ಕೆ ಸೇರಿಸತಕ್ಕದ್ದಲ್ಲ. ಮಳೆಗಾಲದಲ್ಲಿ ಎರಡು ದಿನದೊಳಗೆ, ಉಳಿದ ಕಾಲದಲ್ಲಿ ಒಂದು ವಾರದೊಳಗೆ ನೋಡಿ, ನೋಡಿದವರು ತಮ್ಮ ಹೆಸರು ಬರೆಯಬೇಕು.

2. ಕಡತ ನೋಡುವವರ ಹೆಸರನ್ನು ಪ್ರತಿ ತಿಂಗಳೂ ಸೂಚನಾ ಫಲಕದಲ್ಲಿ ಹಾಕಬೇಕು. ನಮ್ಮ ಎಸ್ಟೇಟುಗಳಲ್ಲಿ ಚೆಕ್‌ರೋಲ್ ಯಾರ ಕೈಯಲ್ಲಿದೆ ಎಂಬುದು ಆಳಿನಿಂದ ಮಾಲೀಕನವರೆಗೆ ಎಲ್ಲರಿಗೂ ಗೊತ್ತಿರುತ್ತದೆ. ಇದೂ ಹಾಗೆಯೇ ಆಗಬೇಕು.

3. ಸಂದೇಶ ಕನ್ನಡದಲ್ಲಿರಬೇಕು ಮತ್ತು ತೋಟದಲ್ಲಿ ನಿಜವಾಗಿ ದುಡಿಯುವವರ ಫೋನಿಗೆ ಹೋಗಬೇಕು. ಉತ್ತರ ಬಾರದಿದ್ದರೆ ಕಚೇರಿಯಿಂದ ಕರೆ ಮಾಡಬೇಕು. ಸದಸ್ಯರು ತಮ್ಮ ಸಂಖ್ಯೆಗಳನ್ನು ಈ ತಿಂಗಳೊಳಗೆ ತಿದ್ದಿಸಿಕೊಳ್ಳಬೇಕೆಂದು ಕೋರುತ್ತೇನೆ.

4. ತಾವು ಕಳಿಸಿದ ಚಿತ್ರ ಎಲ್ಲಿದೆ, ಯಾರು ನೋಡಿದರು, ಏನು ತೀರ್ಮಾನವಾಯಿತೆಂದು ಕೇಳಿ ನೋಡುವ ಹಾಗೂ ಆಕ್ಷೇಪಿಸುವ ಹಕ್ಕು ಪ್ರತಿ ಸದಸ್ಯರಿಗೂ ಇರಬೇಕು.

5. ಬೆಲೆ, ಸಾಲ, ಪರಿಹಾರ ಈ ಮೂರರಲ್ಲಿ ಯಂತ್ರದ ಮಾತೊಂದರಿಂದಲೇ ಯಾರಿಗೂ ಕಡಿತ ಅಥವಾ ನಿರಾಕರಣೆ ಆಗಕೂಡದು.

6. ಖಾಲಿ ಇರುವ ಕ್ಷೇತ್ರ ಸಹಾಯಕರ ಹುದ್ದೆಯನ್ನು ತುಂಬಬೇಕು. ಯಂತ್ರದಿಂದ ಆದ ಉಳಿತಾಯ ಇದಕ್ಕೇ ಸಲ್ಲಬೇಕು. ಯಂತ್ರ ಸರದಿ ಕಾಯಲಿ, ಪುಸ್ತಕ ಬರೆಯಲಿ. ಆ ಸಮಯ ಉಳಿದವನು ತೋಟಕ್ಕೆ ಹೋಗಲಿ.

7. ವಾರ್ಷಿಕ ವರದಿಯಲ್ಲಿ ಎಷ್ಟು ಚಿತ್ರ ಬಂದವೆಂದು ಹೆಮ್ಮೆಯಿಂದ ಬರೆಯುವುದರ ಜೊತೆಗೆ ಎಷ್ಟನ್ನು ನೋಡಿದೆವು, ಎಷ್ಟು ತೋಟಗಳಿಗೆ ಹೋದೆವು, ಎಷ್ಟು ದಿನದೊಳಗೆ ಹೋದೆವು ಎಂಬುದನ್ನೂ ಬರೆಯಬೇಕು.

ಆರನೆಯ ಸೂಚನೆಗೆ ವಿರೋಧ ಬರುವುದೆಂದು ನನಗೆ ಗೊತ್ತು. ಯಂತ್ರ ತಂದದ್ದೇ ಸಂಬಳ ಉಳಿಸಲು ಎಂದು ಹೇಳುವ ಹಿರಿಯರು ಮಂಡಳಿಯಲ್ಲಿದ್ದಾರೆ. ಅವರಿಗೆ ವಿನಯದಿಂದ ಒಂದು ಮಾತು ಹೇಳುತ್ತೇನೆ. ಬೋರ್ಡೋ ದ್ರಾವಣ ಮಾಡುವಾಗ ನಾವು ಮೈಲುತುತ್ತ, ಸುಣ್ಣ, ನೀರು ಎಲ್ಲವನ್ನೂ ಅಳತೆಯಂತೆಯೇ ಹಾಕುತ್ತೇವೆ. ಆದರೂ ಸಿಂಪಡಿಸುವ ಮೊದಲು ಒಂದು ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಅಳತೆ ಸರಿಯಿದೆ, ನೋಡುವುದೇಕೆ ಎಂದು ಯಾವ ಬೆಳೆಗಾರನೂ ಕೇಳಿಲ್ಲ. ಏಕೆಂದರೆ ನೋಡದೆ ಹೊಡೆದರೆ ಸುಡುವುದು ನಮ್ಮದೇ ಗೊನೆ.

ಆ ಸದಸ್ಯೆಯ ತೋಟಕ್ಕೆ ಮೊನ್ನೆ ಮತ್ತೊಮ್ಮೆ ಹೋಗಿದ್ದೆ. ಈ ಸಲದ ಮಳೆಗೆ ಮೊದಲ ಸಿಂಪರಣೆ ಸಕಾಲದಲ್ಲಿ ಆಗುವಂತೆ ಏರ್ಪಾಡು ಮಾಡಿಕೊಂಡಿದ್ದಾರೆ. ಬೀಳ್ಕೊಡುವಾಗ, "ಈ ಸರ್ತಿಯೂ ಫೋಟೋ ಕಳ್ಸದಾ, ಇಲ್ಲಾ ನಾನೇ ಬಂದು ಹೇಳ್ಲಾ?" ಎಂದು ಕೇಳಿದರು. ಎರಡನ್ನೂ ಮಾಡಿ ಎಂದು ಹೇಳಿ ಬಂದೆ. ಮುಂದಿನ ವರ್ಷ ಅದೇ ಪ್ರಶ್ನೆಗೆ, ಫೋಟೋ ಸಾಕು ಎಂದು ನಾನು ಧೈರ್ಯವಾಗಿ ಹೇಳುವಂತಾಗಬೇಕು. ಅದು ಯಂತ್ರದ ಕೈಯಲ್ಲಿಲ್ಲ, ಮಹಾಸಭೆಯಲ್ಲಿ ಕೈ ಎತ್ತುವ ತಮ್ಮೆಲ್ಲರ ಕೈಯಲ್ಲಿದೆ. ದಯಮಾಡಿ ತಪ್ಪದೆ ಬನ್ನಿ. ಸಣ್ಣ ಹಿಡುವಳಿಯ ಸದಸ್ಯರು ವಿಶೇಷವಾಗಿ ಬನ್ನಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ